‘ಇಲ್ಲ’ ಎಂಬ ಉತ್ತರಕ್ಕೂ ಸಾಕ್ಷಿ ಬೇಕು: ಆರ್ಸೆನಿಕ್ ಪತ್ತೆಯ ವಿದ್ಯುದ್ರಾಸಾಯನಿಕ ವಿಧಾನ – ಒಂದು ವಿಮರ್ಶೆ

ಕುಡಿಯುವ ನೀರಿನಲ್ಲಿರುವ ಆರ್ಸೆನಿಕ್ಕನ್ನು ವಿದ್ಯುದ್ರಾಸಾಯನಿಕ ವಿಧಾನದಿಂದ ಪತ್ತೆ ಮಾಡುವ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ನೂರಾರು ಸಂಶೋಧನ ಲೇಖನಗಳು ಪ್ರಕಟವಾಗಿವೆ. ಒಂದರಲ್ಲಿ ಚಿನ್ನದ ನ್ಯಾನೊಕಣಗಳನ್ನು ಲೇಪಿಸಿದ ವಿದ್ಯುದ್ವಾರ, ಇನ್ನೊಂದರಲ್ಲಿ ಗ್ರಾಫೀನ್ ಹಾಳೆ, ಮತ್ತೊಂದರಲ್ಲಿ ಅಚ್ಚೊತ್ತಿದ ಅಗ್ಗದ ಇಂಗಾಲದ ಪಟ್ಟಿ. ವಸ್ತು ಯಾವುದೇ ಇರಲಿ, ಲೇಖನದ ಸಾರಾಂಶದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸಂಖ್ಯೆ ಇರುತ್ತದೆ. ಅದೇ ‘ಪತ್ತೆ ಮಿತಿ’. ಉಪಕರಣವು ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ ಎಂದು ಇದರ ಅರ್ಥ. ಈ ಸಂಖ್ಯೆ ಚಿಕ್ಕದಾದಷ್ಟೂ ಉಪಕರಣ ಶ್ರೇಷ್ಠ ಎಂಬ ಭಾವನೆ ಬೆಳೆದುಬಂದಿದೆ.

ಈ ಭಾವನೆ ಎಷ್ಟರ ಮಟ್ಟಿಗೆ ಸರಿ? ನೀವು ವಿಜ್ಞಾನ ಶಿಕ್ಷಕರಾಗಿದ್ದರೆ ಅಥವಾ ರಸಾಯನವಿಜ್ಞಾನದ ವಿದ್ಯಾರ್ಥಿಯಾಗಿದ್ದರೆ ಇಂತಹ ವರದಿಗಳನ್ನು ಓದುವ, ಇಂತಹ ಉಪಕರಣವನ್ನು ಬಳಸುವ ಸಂದರ್ಭ ಬರಬಹುದು. ಆದ್ದರಿಂದ ವಿಧಾನದ ಗುಣದೋಷಗಳನ್ನು ಇಲ್ಲಿ ಪರಿಶೀಲಿಸೋಣ. ಒರೆಗಲ್ಲಾಗಿ ರಾಜ್ಯದ ಉತ್ತರ ತುದಿಯಲ್ಲಿರುವ ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಭಾಗದ ಬಾವಿ, ಕೊಳವೆ ಬಾವಿಗಳ ನೀರನ್ನು ಇಟ್ಟುಕೊಳ್ಳೋಣ.

ಕಿರದಳ್ಳಿ ತಾಂಡಾದ ಪಾಠ

ಆರ್ಸೆನಿಕ್ ನಮ್ಮ ರಾಜ್ಯಕ್ಕೆ ದೂರದ ಸಮಸ್ಯೆಯಲ್ಲ. ಬಂಗಾಳದ ಗಂಗಾ ಬಯಲಿನಷ್ಟು ವ್ಯಾಪಕವಾಗಿಲ್ಲದಿದ್ದರೂ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಇದಕ್ಕೆ ಕಹಿ ಉದಾಹರಣೆ. ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ಮಂಗಳೂರ ಹಸಿರುಶಿಲಾ ಪಟ್ಟಿಗೆ ಸೇರಿದ ಪ್ರದೇಶ ಇದು (ಈ ಮಂಗಳೂರು ಕರಾವಳಿಯದಲ್ಲ, ಸುರಪುರ ಸೀಮೆಯದು). ಅಲ್ಲಿ ನಡೆದ ಅಧ್ಯಯನದ ವರದಿ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿ ಮಾದರಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೊಗ್ರಾಂ. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್ ಸೇವನೆಯ ಚರ್ಮಲಕ್ಷಣಗಳು ಕಂಡುಬಂದಿದ್ದವು.

ಆರ್ಸೆನಿಕ್ಕಿಗೆ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲು ಗಡುಸಾಗುತ್ತವೆ, ಮೈಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿಗೂ ಅದು ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಮಾರ್ಗಸೂಚಿ ಮಟ್ಟವನ್ನು ಲೀಟರಿಗೆ 50ರಿಂದ 10 ಮೈಕ್ರೊಗ್ರಾಮಿಗೆ ಇಳಿಸಿತು. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲೂ ಸ್ವೀಕಾರಾರ್ಹ ಮಿತಿ ಇದೇ 10 ಮೈಕ್ರೊಗ್ರಾಂ. ಹೀಗಾಗಿ ಯಾವುದೇ ಪರೀಕ್ಷೆಯಾದರೂ 10ರ ಆಚೆ ಈಚೆ ಸ್ಪಷ್ಟವಾಗಿ ಹೇಳಬಲ್ಲದ್ದಾಗಿರಬೇಕು.

ಕಿರದಳ್ಳಿಯಿಂದ ಬೀದರ್ ನೂರೈವತ್ತಕ್ಕೂ ಹೆಚ್ಚು ಕಿಲೊಮೀಟರ್ ದೂರ. ನೆಲದ ಗುಣವೂ ಬೇರೆ. ಭಾಲ್ಕಿ, ಔರಾದ್ ಭಾಗದಲ್ಲಿ ಕಾಣುವುದು ದಖ್ಖನ್ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆ, ಅದರ ಮೇಲೆ ಎರೆಮಣ್ಣು. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿ, ಅಂದರೆ ಕಾರೇಜ್, ನೀರು ಪಡೆದದ್ದೂ ಈ ನೆಲದಿಂದಲೇ. ಚಿನ್ನದ ಅದಿರಿನೊಡನೆ ಬರುವ ಆರ್ಸೆನಿಕ್ ಖನಿಜಗಳು ಬಸಾಲ್ಟಿನಲ್ಲಿ ಹಾಗೆ ಸಾಂದ್ರವಾಗಿರುವುದಿಲ್ಲ. ಜಂಬಿಟ್ಟಿಗೆಯಲ್ಲಿ ಹೇರಳವಾಗಿರುವ ಕಬ್ಬಿಣದ ಆಕ್ಸೈಡುಗಳು ಆರ್ಸೆನಿಕ್ಕನ್ನು ತಮ್ಮ ಮೇಲ್ಮೈಗೆ ಹಿಡಿದುಕೊಳ್ಳುವ ಗುಣವನ್ನೂ ಪಡೆದಿವೆ. ಈ ಜಿಲ್ಲೆಯ ಅಂತರ್ಜಲದ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ನೈಟ್ರೇಟ್, ಫ್ಲೂರೈಡ್ ಮತ್ತು ಗಡಸುತನದ್ದು.

ಅಂದಮೇಲೆ ಬೀದರ್ ಭಾಗದ ಹೆಚ್ಚಿನ ಬಾವಿಗಳಲ್ಲಿ ಆರ್ಸೆನಿಕ್ ಪರೀಕ್ಷೆಗೆ ನಾವು ನಿರೀಕ್ಷಿಸುವ ಉತ್ತರ ‘ಇಲ್ಲ’ ಎಂಬುದೇ. ವಿಮರ್ಶೆಯ ಮುಖ್ಯ ಅಂಶ ಇಲ್ಲಿದೆ. ನೂರು ಬಾವಿಗಳಲ್ಲಿ ತೊಂಬತ್ತೆಂಟು ಮಿತಿಯೊಳಗಿವೆ, ಎರಡು ಮಾತ್ರ ಮಿತಿ ಮೀರಿವೆ ಎಂದು ಊಹಿಸಿಕೊಳ್ಳಿ. ಸಂಪೂರ್ಣ ಕೆಟ್ಟುಹೋದ, ಯಾವ ನೀರಿಗೂ ‘ಇಲ್ಲ’ ಎನ್ನುವ ಉಪಕರಣವೂ ಅಲ್ಲಿ ನೂರಕ್ಕೆ ತೊಂಬತ್ತೆಂಟು ಸಲ ಸರಿ ಉತ್ತರ ಕೊಡುತ್ತದೆ! ವರದಿಯಲ್ಲಿ ‘ಶೇ 98 ನಿಖರತೆ’ ಎಂದು ಬರೆಯಬಹುದು. ಆ ಎರಡು ಬಾವಿಗಳ ನೀರು ಕುಡಿಯುವ ಮನೆಗಳಿಗೆ ಮಾತ್ರ ಆ ನಿಖರತೆಯಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ಇಂತಹ ಪ್ರದೇಶದಲ್ಲಿ ವಿಧಾನವನ್ನು ಅಳೆಯಬೇಕಾದ್ದು ‘ಇಲ್ಲ’ ಎಂಬ ಉತ್ತರವನ್ನು ಅದು ಹೇಗೆ ಸಮರ್ಥಿಸುತ್ತದೆ ಎಂಬುದರಿಂದ.

ವಿಧಾನ ಕೆಲಸ ಮಾಡುವ ಬಗೆ

ವಿಧಾನದ ಬೇರು ಇರುವುದು ಯಾರೊಸ್ಲಾವ್ ಹೆರೊವ್‌ಸ್ಕಿ 1922ರಲ್ಲಿ ಕಂಡುಹಿಡಿದ ಪೋಲರೊಗ್ರಫಿಯಲ್ಲಿ. ಅದಕ್ಕಾಗಿ ಅವರಿಗೆ 1959ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಆರ್ಸೆನಿಕ್ಕಿಗೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಅದರ ಮುಂದುವರಿದ ರೂಪವಾದ ಸ್ಟ್ರಿಪ್ಪಿಂಗ್ ವೋಲ್ಟಾಮೆಟ್ರಿ. ಇದನ್ನು ‘ಕೂಡಿಸಿ ಕಳಚುವ’ ವಿಧಾನ ಎನ್ನಬಹುದು.

ಮೊದಲ ಹಂತದಲ್ಲಿ ಆಮ್ಲೀಯಗೊಳಿಸಿದ ನೀರಿನಲ್ಲಿ ಚಿನ್ನದ ವಿದ್ಯುದ್ವಾರವನ್ನು ಮುಳುಗಿಸಿ ಅದಕ್ಕೆ ಋಣ ವಿಭವ ಕೊಡುತ್ತಾರೆ. ನೀರಿನಲ್ಲಿರುವ ಮೂರು ವೇಲೆನ್ಸಿಯ ಆರ್ಸೆನಿಕ್ ಪ್ರತಿ ಪರಮಾಣುವಿಗೆ ಮೂರು ಎಲೆಕ್ಟ್ರಾನುಗಳನ್ನು ಪಡೆದು ಧಾತುರೂಪದಲ್ಲಿ ಚಿನ್ನದ ಮೇಲೆ ಕೂಡುತ್ತದೆ. ಒಂದೆರಡು ನಿಮಿಷದ ಅನಂತರ ವಿಭವವನ್ನು ಧನ ದಿಕ್ಕಿಗೆ ಏರಿಸುತ್ತಾರೆ. ಕೂಡಿದ ಆರ್ಸೆನಿಕ್ ಆಗ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಮತ್ತೆ ದ್ರಾವಣಕ್ಕೆ ಇಳಿಯುತ್ತದೆ. ಆ ಕ್ಷಣದಲ್ಲಿ ಹರಿಯುವ ವಿದ್ಯುತ್ತು ನಕ್ಷೆಯ ಮೇಲೆ ಒಂದು ಶಿಖರವಾಗಿ ಕಾಣುತ್ತದೆ. ಶಿಖರದ ಸ್ಥಾನ ‘ಯಾವುದು’ ಎಂಬುದನ್ನೂ ಎತ್ತರ ‘ಎಷ್ಟು’ ಎಂಬುದನ್ನೂ ತಿಳಿಸುತ್ತದೆ.

ಕೂಡಿಸುವ ಹಂತ ಏಕೆ ಬೇಕು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಲೀಟರಿಗೆ 10 ಮೈಕ್ರೊಗ್ರಾಂ ಆರ್ಸೆನಿಕ್ ಇರುವ 10 ಮಿಲಿಲೀಟರ್ ನೀರಿನಲ್ಲಿ ಇರುವುದು 0.1 ಮೈಕ್ರೊಗ್ರಾಂ ಆರ್ಸೆನಿಕ್. ಪರಮಾಣು ರಾಶಿ 75 ಎಂದುಕೊಂಡರೆ ಇದು ಸುಮಾರು 1.33 ನ್ಯಾನೊಮೋಲ್. ಇದನ್ನು 3ರಿಂದಲೂ ಫ್ಯಾರಡೆ ಸ್ಥಿರಾಂಕ 96,485ರಿಂದಲೂ ಗುಣಿಸಿದರೆ ಸುಮಾರು 386 ಮೈಕ್ರೊಕೂಲಂಬ್ ಆವೇಶ ಬರುತ್ತದೆ. ಎರಡು ನಿಮಿಷದಲ್ಲಿ ಅದರ ಶೇ 1ರಷ್ಟು ಮಾತ್ರ ವಿದ್ಯುದ್ವಾರ ತಲುಪಿತು ಎನ್ನೋಣ. ಉಳಿಯುವುದು 4 ಮೈಕ್ರೊಕೂಲಂಬಿಗಿಂತ ಕಡಿಮೆ. ಅದನ್ನು ಒಂದು ಸೆಕೆಂಡಿನಲ್ಲಿ ಕಳಚಿದರೆ ಸರಾಸರಿ 4 ಮೈಕ್ರೊಆಂಪಿಯರ್ ವಿದ್ಯುತ್ತು ದೊರೆಯುತ್ತದೆ. ಅಗ್ಗದ ಇಲೆಕ್ಟ್ರಾನಿಕ್ ಮಂಡಲವೂ ಇಷ್ಟನ್ನು ಅಳೆಯಬಲ್ಲದು. ನಿಧಾನವಾಗಿ ಕೂಡಿಸಿ ಬೇಗನೆ ಕಳಚುವುದೇ ಈ ವಿಧಾನದ ಶಕ್ತಿ.

ಮೆಚ್ಚಬೇಕಾದ ಅಂಶಗಳು

ವಿಧಾನಕ್ಕೆ ಸಲ್ಲಬೇಕಾದ ಮನ್ನಣೆ ಸಲ್ಲಲೇಬೇಕು. ಪರಮಾಣು ಹೀರಿಕೆ ರೋಹಿತಮಾಪಕ ದೊಡ್ಡ ಪ್ರಯೋಗಾಲಯದ ಯಂತ್ರ. ಅದಕ್ಕೆ ಅನಿಲ, ಸ್ಥಿರ ವಿದ್ಯುತ್ ಪೂರೈಕೆ, ತರಬೇತಿ ಪಡೆದ ಸಿಬ್ಬಂದಿ ಬೇಕು. ವಿದ್ಯುದ್ರಾಸಾಯನಿಕ ಉಪಕರಣವಾದರೋ ಬ್ಯಾಟರಿಯಿಂದ ನಡೆಯುತ್ತದೆ, ಚೀಲದಲ್ಲಿ ಹಿಡಿಯುತ್ತದೆ. ಔರಾದಿನ ಗಡಿಗ್ರಾಮದ ಕೊಳವೆ ಬಾವಿಯ ಪಕ್ಕದಲ್ಲೇ ಪರೀಕ್ಷೆ ನಡೆಸಬಹುದು.

ಕ್ಷೇತ್ರದಲ್ಲಿ ಈಗಾಗಲೇ ಇರುವ ಬಣ್ಣದ ಕಿಟ್‌ಗಳ ಮಾತೇನು? ಅವುಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ಗುಟ್‌ಜೈಟ್ ಪರೀಕ್ಷೆಯನ್ನು ಆಧರಿಸಿವೆ. ಸತು ಮತ್ತು ಆಮ್ಲದಿಂದ ಹುಟ್ಟಿದ ಹೈಡ್ರೊಜನ್ ಆರ್ಸೆನಿಕ್ಕಿನೊಡನೆ ಸೇರಿ ಆರ್ಸೀನ್ ಅನಿಲವಾಗುತ್ತದೆ. ಅದು ಪಾದರಸದ ಲವಣ ಹಚ್ಚಿದ ಕಾಗದವನ್ನು ಹಳದಿ, ಕಂದು ಮಾಡುತ್ತದೆ. ಆರ್ಸೀನ್ ಅತ್ಯಂತ ವಿಷಕಾರಿ. ಬಣ್ಣದ ತೀರ್ಮಾನ ನೋಡುವವರ ಕಣ್ಣನ್ನು ಅವಲಂಬಿಸಿದ್ದು. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶದ ಬಾವಿಗಳಲ್ಲಿ ಇಂತಹ ಕಿಟ್‌ಗಳನ್ನು ಪ್ರಯೋಗಾಲಯದ ಫಲಿತಾಂಶದೊಡನೆ ಹೋಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಿಥ್ಯಾ ‘ಇಲ್ಲ’ಗಳು ಶೇ 68ರವರೆಗೂ ಇದ್ದವೆಂದು ತಿಳಿಸಿತು. ಇನ್ನೊಂದು ಎಚ್ಚರಿಕೆ: ಈ ಪರೀಕ್ಷೆಗೆ ಆರ್ಸೆನಿಕ್ ರಹಿತ ಶುದ್ಧ ಸತುವೇ ಬೇಕು. ಬಿದರಿ ಕಲೆಯ ಎರಕಕ್ಕೆ ಬಳಸುವ ಸತು ಬೀದರಿನಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಈ ಕೆಲಸಕ್ಕೆ ತರುವಂತಿಲ್ಲ. ಸಾಮಾನ್ಯ ಸತುವಿನಲ್ಲೇ ಆರ್ಸೆನಿಕ್ ಕಲ್ಮಶವಾಗಿ ಇರಬಹುದು.

ಆರ್ಸೀನಿನ ಅಪಾಯವಿಲ್ಲದೆ, ಕಣ್ಣಂದಾಜಿನ ಬದಲು ಅಂಕಿಯನ್ನು ಕೊಡುವ ವಿಧಾನ ಖಂಡಿತ ಸ್ವಾಗತಾರ್ಹ. ನಮ್ಮ ಆಕ್ಷೇಪ ಇರುವುದು ಆ ಅಂಕಿಯನ್ನು ಪಡೆಯುವ ಮತ್ತು ಪ್ರಕಟಿಸುವ ರೀತಿಯ ಬಗ್ಗೆ.

ಅರ್ಧ ಮಾತ್ರ ಕಾಣುವ ಕಣ್ಣು

ನೀರಿನಲ್ಲಿ ಆರ್ಸೆನಿಕ್ ಎರಡು ರೂಪಗಳಲ್ಲಿ ಇರುತ್ತದೆ: ಮೂರು ವೇಲೆನ್ಸಿಯ ಆರ್ಸೆನೈಟ್, ಐದು ವೇಲೆನ್ಸಿಯ ಆರ್ಸೆನೇಟ್. ಸಾಮಾನ್ಯ ಸ್ಥಿತಿಯಲ್ಲಿ ಚಿನ್ನದ ವಿದ್ಯುದ್ವಾರ ಸುಲಭವಾಗಿ ಅಪಕರ್ಷಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಎಲೆಕ್ಟ್ರಾನುಗಳನ್ನು ಅಷ್ಟು ಸುಲಭವಾಗಿ ಸ್ವೀಕರಿಸದು. ಅದನ್ನು ಮೊದಲು ಸೂಕ್ತ ಅಪಕರ್ಷಣಕಾರಿಯಿಂದ ಮೂರು ವೇಲೆನ್ಸಿಗೆ ಇಳಿಸಬೇಕು, ಅಥವಾ ಹೆಚ್ಚು ಋಣ ವಿಭವವನ್ನು ಬಳಸಬೇಕು.

ಗಾಳಿಯ ಸಂಪರ್ಕವಿರುವ ನೀರಿನಲ್ಲಿ ಹೆಚ್ಚಾಗಿರುವುದು ಆರ್ಸೆನೇಟ್. ತೆರೆದ ಬಾವಿ, ಕಾರೇಜ್‌ನ ಹರಿವು, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಮೇಲ್ಪದರದ ನೀರು ಎಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಈಗ ಒಂದು ಕಾಲ್ಪನಿಕ ಬಾವಿಯನ್ನು ನೋಡಿ. ಅದರಲ್ಲಿ ಒಟ್ಟು ಆರ್ಸೆನಿಕ್ 40 ಮೈಕ್ರೊಗ್ರಾಂ ಇದೆ. 32 ಆರ್ಸೆನೇಟ್, 8 ಆರ್ಸೆನೈಟ್. ಆರ್ಸೆನೈಟನ್ನು ಮಾತ್ರ ಕಾಣುವ ಉಪಕರಣ 8 ಎಂದು ತೋರಿಸುತ್ತದೆ. ಮಿತಿ 10 ಆದ್ದರಿಂದ ‘ಸುರಕ್ಷಿತ’ ಎಂಬ ಚೀಟಿ ಬಾವಿಗೆ ಅಂಟುತ್ತದೆ. ಅದರ ಪತ್ತೆ ಮಿತಿ 0.1 ಮೈಕ್ರೊಗ್ರಾಂ ಇದ್ದರೂ ಈ ತಪ್ಪು ತಪ್ಪುವುದಿಲ್ಲ. ಮಾನಕವು ಮಿತಿ ಹೇಳಿರುವುದು ಒಟ್ಟು ಆರ್ಸೆನಿಕ್ಕಿಗೆ.

ಆದ್ದರಿಂದ ವರದಿ ಓದುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಅಳೆದದ್ದು ಒಟ್ಟು ಆರ್ಸೆನಿಕ್ಕೋ, ಮೂರು ವೇಲೆನ್ಸಿಯದೋ? ಸರಿಯಾಗಿ ಬಳಸಿದರೆ ಇದೇ ದೋಷ ಗುಣವೂ ಆಗುತ್ತದೆ. ಅಪಕರ್ಷಣೆಗೆ ಮುನ್ನ ಒಮ್ಮೆ, ಅನಂತರ ಒಮ್ಮೆ ಅಳೆದರೆ ಎರಡೂ ರೂಪಗಳ ಪ್ರಮಾಣ ಬೇರೆ ಬೇರೆಯಾಗಿ ತಿಳಿಯುತ್ತದೆ. ಶುದ್ಧೀಕರಣ ಘಟಕದ ಆಯ್ಕೆಗೆ ಈ ಮಾಹಿತಿ ಅತ್ಯಗತ್ಯ, ಏಕೆಂದರೆ ಆರ್ಸೆನೈಟನ್ನು ತೆಗೆಯುವುದು ಆರ್ಸೆನೇಟಿಗಿಂತ ಕಷ್ಟ.

ತಾಮ್ರದ ಅಡ್ಡಿ

ಹಲವು ಲೇಖನಗಳಲ್ಲಿ ‘ಇತರ ಅಯಾನುಗಳಿಂದ ಅಡ್ಡಿಯಿಲ್ಲ’ ಎಂಬ ಕೋಷ್ಟಕ ಇರುತ್ತದೆ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಸರುಗಳು ಸಾಲಾಗಿ ನಿಂತಿರುತ್ತವೆ. ಇವು ಆ ವಿಭವದಲ್ಲಿ ಚಿನ್ನದ ಮೇಲೆ ಕೂಡುವ ಲೋಹಗಳೇ ಅಲ್ಲ. ಅಡ್ಡಿ ಮಾಡದವರನ್ನು ಸಾಲಾಗಿ ನಿಲ್ಲಿಸಿ ಅಡ್ಡಿಯಿಲ್ಲ ಎಂದರೆ ಅದು ಪರೀಕ್ಷೆಯಾಗದು. ನಿಜವಾದ ಪ್ರತಿಸ್ಪರ್ಧಿ ತಾಮ್ರ. ಅದು ಆರ್ಸೆನಿಕ್ಕಿನ ಜೊತೆಯಲ್ಲೇ ಚಿನ್ನದ ಮೇಲೆ ಕೂಡುತ್ತದೆ, ಅದರೊಡನೆ ಸಂಯುಕ್ತವನ್ನೂ ರಚಿಸುತ್ತದೆ, ಅದರ ಶಿಖರ ಆರ್ಸೆನಿಕ್ಕಿನ ಶಿಖರದ ಪಕ್ಕದಲ್ಲೇ ಎದ್ದು ಒಂದನ್ನೊಂದು ಮುಚ್ಚಬಹುದು.

ತಾಮ್ರವನ್ನು ಸೇರಿಸಿದ ಕೆಲವು ವರದಿಗಳೂ ಅದನ್ನು ಆರ್ಸೆನಿಕ್ಕಿನಷ್ಟೇ ಪ್ರಮಾಣದಲ್ಲಿ ಬೆರೆಸಿ ಸುಮ್ಮನಾಗುತ್ತವೆ. ಆದರೆ ಐಎಸ್ 10500 ಪ್ರಕಾರ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 50 ಮೈಕ್ರೊಗ್ರಾಂ, ಎಂದರೆ ಆರ್ಸೆನಿಕ್ ಮಿತಿಯ ಐದು ಪಟ್ಟು. ಹೀಗೆ ತಾಮ್ರದ ದೃಷ್ಟಿಯಿಂದ ‘ಉತ್ತಮ’ವಾದ ನೀರು ಕೂಡ ವಿದ್ಯುದ್ವಾರಕ್ಕೆ ತೊಡಕಾಗಬಲ್ಲದು. ಹಿತ್ತಾಳೆಯ ನಲ್ಲಿ, ಪಂಪಿನ ಬಿಡಿಭಾಗಗಳಿಂದಲೂ ತಾಮ್ರ ಸೇರುತ್ತದೆ. ನೀರು ಹಿಡಿಯುವಾಗ ಮನೆಯ ತಾಮ್ರದ ಕೊಡದಿಂದ ಎಂದೂ ಮಾದರಿ ತೆಗೆಯಬೇಡಿ. ನೇರವಾಗಿ ಬಾವಿಯಿಂದಲೇ ಪಾಲಿಥೀನ್ ಸೀಸೆಗೆ ಹಿಡಿಯಿರಿ.

ಸಾವಯವ ವಸ್ತುಗಳೂ ವಿದ್ಯುದ್ವಾರದ ಮೇಲ್ಮೈಗೆ ಅಂಟಿ ಅದನ್ನು ಮಂಕು ಮಾಡುತ್ತವೆ. ಬೀದರ್ ನಗರದ ಪಕ್ಕದ ಕೊಳಾರದಂತಹ ಕೈಗಾರಿಕಾ ಪ್ರದೇಶದ ಸುತ್ತಿನ ಬಾವಿಗಳಿಗೆ ಈ ವಿಧಾನವನ್ನು ಒಯ್ಯುವವರು ಇದನ್ನು ಮೊದಲೇ ಪರಿಶೀಲಿಸಬೇಕು. ಮಂಕಾದ ವಿದ್ಯುದ್ವಾರ ದೂರು ಹೇಳುವುದಿಲ್ಲ. ಅದು ‘ಇಲ್ಲ’ ಎನ್ನುತ್ತದೆ, ಅಷ್ಟೆ.

ಬಟ್ಟಿ ಇಳಿಸಿದ ನೀರಿನ ಅಳತೆಗೋಲು

ಪತ್ತೆ ಮಿತಿಯನ್ನು ಸಾಮಾನ್ಯವಾಗಿ ಹೇಗೆ ಲೆಕ್ಕ ಹಾಕುತ್ತಾರೆ? ಆರ್ಸೆನಿಕ್ ಇಲ್ಲದ ದ್ರಾವಣವನ್ನು ಹಲವು ಸಲ ಅಳೆದು ಬರುವ ಮಾನಕ ವಿಚಲನೆಯನ್ನು ಮೂರರಿಂದ ಗುಣಿಸಿ, ಅಂಶಾಂಕನ ರೇಖೆಯ ಇಳಿಜಾರಿನಿಂದ ಭಾಗಿಸುತ್ತಾರೆ. ಆ ದ್ರಾವಣವನ್ನು ತಯಾರಿಸುವುದು ಬಟ್ಟಿ ಇಳಿಸಿದ ಶುದ್ಧ ನೀರಿನಿಂದ. ಕೊಳವೆ ಬಾವಿಯ ನೀರಿನಲ್ಲಿ ಇಳಿಜಾರು ಅಷ್ಟೇ ಇರಬೇಕೆಂಬ ನಿಯಮವಿಲ್ಲ.

ಉದಾಹರಣೆಗೆ, ಶುದ್ಧ ನೀರಿನಲ್ಲಿ 10 ಮೈಕ್ರೊಗ್ರಾಮಿಗೆ 4 ಘಟಕ ಎತ್ತರದ ಶಿಖರ ಬರುತ್ತದೆ ಎನ್ನಿ. ಬಾವಿಯ ನೀರಿನಲ್ಲಿ 4 ಘಟಕ ಬಂತು. ಅಂಶಾಂಕನ ರೇಖೆಯ ಪ್ರಕಾರ ಉತ್ತರ 10. ಈಗ ಅದೇ ಬಾವಿಯ ನೀರಿಗೆ ಗೊತ್ತಿರುವ 10 ಮೈಕ್ರೊಗ್ರಾಂ ಸೇರಿಸಿ ಮತ್ತೆ ಅಳೆಯಿರಿ. ಶಿಖರ 8ಕ್ಕೆ ಏರಬೇಕಿತ್ತು, ಏರಿದ್ದು 6ಕ್ಕೆ ಮಾತ್ರ. ಎಂದರೆ ಈ ನೀರಿನಲ್ಲಿ 10 ಮೈಕ್ರೊಗ್ರಾಮಿಗೆ ಸಿಗುವುದು 2 ಘಟಕವಷ್ಟೇ. ಮೂಲ ಮಾದರಿಯ 4 ಘಟಕಕ್ಕೆ ನಿಜವಾದ ಬೆಲೆ 20 ಮೈಕ್ರೊಗ್ರಾಂ! ಗೊತ್ತಿರುವ ಪ್ರಮಾಣವನ್ನು ಮಾದರಿಗೇ ಸೇರಿಸಿ ಅಳೆಯುವ ಈ ಕ್ರಮಕ್ಕೆ ‘ಪ್ರಮಾಣ ಸೇರ್ಪಡೆ ವಿಧಾನ’ ಎನ್ನುತ್ತಾರೆ. ಇದಕ್ಕೆ ಹೊಸ ನ್ಯಾನೊವಸ್ತು ಬೇಕಿಲ್ಲ. ಒಂದು ಪಿಪೆಟ್ಟು ಮತ್ತು ಐದು ನಿಮಿಷ ಸಾಕು.

ಲೇಖನಗಳ ಕೊನೆಯಲ್ಲಿ ಬರುವ ‘ನೈಜ ಮಾದರಿ’ ಪರೀಕ್ಷೆಯನ್ನೂ ಎಚ್ಚರದಿಂದ ಓದಬೇಕು. ನಲ್ಲಿ ನೀರಿಗೆ ಆರ್ಸೆನೈಟ್ ಬೆರೆಸಿ, ಅದರಲ್ಲಿ ಶೇ 98 ಮರಳಿ ಸಿಕ್ಕಿತು ಎಂದು ಬರೆಯುವುದು ವಾಡಿಕೆ. ನಾವೇ ಹಾಕಿದ್ದನ್ನು, ಹಾಕಿದ ರೂಪದಲ್ಲೇ, ಹಾಕಿದ ಕೂಡಲೇ ಹುಡುಕುವುದು ಸುಲಭದ ಕೆಲಸ. ನೆಲದೊಳಗಿಂದ ಬಂದ ಆರ್ಸೆನಿಕ್ ಎಷ್ಟು ಸಿಕ್ಕಿತು ಎಂಬುದು ತಿಳಿಯಬೇಕಾದರೆ, ಕಿರದಳ್ಳಿಯಂತಹ ಕಡೆಯ ಸಹಜ ಮಾದರಿಯನ್ನು ಬೇರೊಂದು ಸ್ವತಂತ್ರ ವಿಧಾನದಿಂದಲೂ ಅಳೆದು ಹೋಲಿಸಬೇಕು. ಅಂತಹ ಹೋಲಿಕೆ ಇರುವ ವರದಿಗೆ, ಅದರ ಪತ್ತೆ ಮಿತಿ ತುಸು ದೊಡ್ಡದಾಗಿದ್ದರೂ, ಹೆಚ್ಚು ಅಂಕ ಕೊಡಿ. ಮಿತಿ 10 ಇರುವಾಗ ಒಂದೆರಡು ಮೈಕ್ರೊಗ್ರಾಮನ್ನು ನಂಬಿಕೆಯಿಂದ ಹೇಳುವ ಉಪಕರಣ ಸಾಕು.

ಮಾದರಿ ಬಾವಿಯಿಂದ ಬಂದ ಮೇಲೆ ಅದರ ಪಾಡಿಗೆ ಬಿಡುವುದೂ ತಪ್ಪು. ಕಬ್ಬಿಣವಿರುವ ನೀರನ್ನು ತೆರೆದಿಟ್ಟರೆ ಕೆಂಪು ಗಸಿ ಕೂಡುತ್ತದೆ. ಈ ಗಸಿ ಆರ್ಸೆನಿಕ್ಕನ್ನೂ ತನ್ನೊಡನೆ ತಳಕ್ಕೆ ಒಯ್ಯುತ್ತದೆ. ಮೇಲಿನ ತಿಳಿನೀರನ್ನು ಅಳೆದರೆ ಇದ್ದದ್ದೂ ಇಲ್ಲವಾಗುತ್ತದೆ. ಹಾಗಾಗಿ ಮಾದರಿಗೆ ಸ್ಥಳದಲ್ಲೇ ಆಮ್ಲ ಸೇರಿಸಬೇಕು.

ತರಗತಿಯಲ್ಲಿ ಏನು ಮಾಡಬಹುದು?

ಶಾಲೆ, ಕಾಲೇಜುಗಳಲ್ಲಿ ಆರ್ಸೆನಿಕ್ ಲವಣಗಳನ್ನು ಬಳಸುವ ಪ್ರಯೋಗ ಬೇಡ. ಆದರೆ ತತ್ತ್ವವನ್ನು ತೋರಿಸಬಹುದು. ತಾಮ್ರದ ಸಲ್ಫೇಟಿನ ದುರ್ಬಲ ದ್ರಾವಣದಲ್ಲಿ ಪೆನ್ಸಿಲಿನ ಕಡ್ಡಿಯನ್ನೂ ತಾಮ್ರದ ತಂತಿಯನ್ನೂ ಇಳಿಬಿಡಿ. ಪೆನ್ಸಿಲಿನ ಕಡ್ಡಿಯನ್ನು 1.5 ವೋಲ್ಟ್ ಕೋಶದ ಋಣಾಗ್ರಕ್ಕೆ, ತಂತಿಯನ್ನು ಧನಾಗ್ರಕ್ಕೆ ಸೇರಿಸಿ. ಕೆಲವು ನಿಮಿಷಗಳಲ್ಲಿ ಕಡ್ಡಿಯ ಮೇಲೆ ತಾಮ್ರದ ಲೇಪ ಕಾಣುತ್ತದೆ. ಸಂಪರ್ಕವನ್ನು ತಿರುವುಮುರುವು ಮಾಡಿದರೆ ಲೇಪ ಕರಗುತ್ತದೆ. ಕೂಡಿಸುವುದು, ಕಳಚುವುದು ಎರಡನ್ನೂ ವಿದ್ಯಾರ್ಥಿ ಕಣ್ಣಾರೆ ನೋಡಿದಂತಾಯಿತು. ಪ್ರಮಾಣ ಸೇರ್ಪಡೆಯ ಲೆಕ್ಕವನ್ನು ಮೇಲಿನ ಅಂಕಿಗಳಿಂದಲೇ ಮಾಡಿಸಬಹುದು.

ಇದರ ಪ್ರಯೋಜನ ಪರೀಕ್ಷೆಯ ಅಂಕಗಳಿಗೆ ಸೀಮಿತವಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆ ರೂಪುಗೊಂಡಿತು. ಮುಂದೆ ಇಂತಹವರ ಕೈಗೆ ವಿದ್ಯುದ್ರಾಸಾಯನಿಕ ಮಾಪಕ ಬಂದಾಗ ಅದರ ಪರದೆಯ ಮೇಲೆ ‘ಸುರಕ್ಷಿತ’ ಎಂಬ ಪದ ಒಂದೇ ಅಳತೆಗೆ ಮೂಡಬಾರದು. ಮೊದಲು ಮಾದರಿ, ಅನಂತರ ಗೊತ್ತಿರುವ ಪ್ರಮಾಣ ಸೇರಿಸಿದ ಅದೇ ಮಾದರಿ. ಎರಡನೆಯ ಸಲ ಶಿಖರ ಏರಿದರೆ ಮಾತ್ರ ಮೊದಲನೆಯ ‘ಇಲ್ಲ’ಕ್ಕೆ ಬೆಲೆ. ಏರದಿದ್ದರೆ ಪರದೆ ಹೇಳಬೇಕಾದ್ದು ‘ವಿದ್ಯುದ್ವಾರ ಬದಲಿಸಿ’ ಎಂದು. ಇದನ್ನು ಉಪಕರಣದಲ್ಲೇ ಅಳವಡಿಸುವುದು ತಂತ್ರಜ್ಞರ ಹೊಣೆ, ಬಳಸುವವರ ತಲೆಗೆ ಕಟ್ಟುವ ವಿಷಯವಲ್ಲ.

ಬೀದರ್, ಭಾಲ್ಕಿ, ಔರಾದಿನ ಜನ ಆರ್ಸೆನಿಕ್ಕಿಗೆ ಹೆದರಿ ಕೂರಬೇಕಾಗಿಲ್ಲ. ಅಲ್ಲಿ ಮೊದಲು ನೋಡಬೇಕಾದ್ದು ನೈಟ್ರೇಟ್ ಮತ್ತು ಫ್ಲೂರೈಡನ್ನೇ. ಆದರೆ ಆರ್ಸೆನಿಕ್ ಪರೀಕ್ಷೆ ಮಾಡುವುದೇ ಆದರೆ ಒಟ್ಟು ಆರ್ಸೆನಿಕ್ಕನ್ನು ಅಳೆಯಲಿ, ತಾಮ್ರವಿರುವಾಗಲೂ ಅಳೆಯಲಿ, ಆ ಬಾವಿಯ ನೀರಿನಲ್ಲೇ ತನ್ನನ್ನು ಒರೆಗೆ ಹಚ್ಚಿಕೊಳ್ಳಲಿ. ಮುಂದಿನ ಸಲ ಹೊಸ ಸಂವೇದಕದ ಸುದ್ದಿ ಓದಿದಾಗ ಪತ್ತೆ ಮಿತಿಯ ಪುಟ್ಟ ಸಂಖ್ಯೆಯನ್ನು ಪಕ್ಕಕ್ಕಿಟ್ಟು ಈ ಮೂರನ್ನು ಹುಡುಕಿ. ಇವು ಸಿಗದಿದ್ದರೆ ಆ ‘ಇಲ್ಲ’ವನ್ನು ನಂಬಿ ಯಾವ ಮಗುವಿಗೂ ನೀರು ಕೊಡುವಂತಿಲ್ಲ.